ಕೊಡವಬೇಡಿ ಅಂದವಳು

ನಮ್ಮ ಆಸ್ಪತ್ರೆಯಲ್ಲಿ ನನಗೊಂದು ಅಡ್ಡಹೆಸರಿದೆ. ಕೊಡವಬೇಡಮ್ಮ. ಮಾರಮ್ಮ, ಪಟ್ಟಲದಮ್ಮ ಅನ್ನುವ ಊರ ದೇವತೆಗಳ ಸಾಲಿಗೆ ನನ್ನನ್ನೂ ಸೇರಿಸಿಬಿಟ್ಟಿದ್ದಾರೆ. ನಾನು ವಾರ್ಡಿನ ಬಾಗಿಲಿಗೆ ಬಂದರೆ ಸಾಕು, ಒಳಗಿಂದ ಯಾರಾದರೊಬ್ಬರು ಕೊಡವಬೇಡಮ್ಮ ಬಂದಳು ಅಂತ ಪಿಸುಗುಟ್ಟುತ್ತಾರೆ. ನನಗೆ ಕೇಳಿಸಲಿ ಅಂತಲೇ ಪಿಸುಗುಟ್ಟುತ್ತಾರೆ. ಮೊದಮೊದಲು ಸಿಟ್ಟು ಬರುತ್ತಿತ್ತು. ಈಗ ಬರುವುದಿಲ್ಲ. ದೇವತೆ ಮಾಡಿದ ಮೇಲೆ ಸ್ವಲ್ಪ ಹೆದರಲೂ ಬೇಕಲ್ಲ, ಹೆದರಲಿ.

ಕೊಡವಬೇಡಿ ಅಂದದ್ದು ಹಾಸಿಗೆಯ ಬಟ್ಟೆಯನ್ನು. ರೋಗಿಯ ಮಂಚದಿಂದ ತೆಗೆದ ದುಪ್ಪಟಿ, ಹೊದಿಕೆ, ದಿಂಬಿನ ಚೀಲ ಯಾವುದನ್ನೂ ಗಾಳಿಗೆ ಹಿಡಿದು ಬಡಿಯಬೇಡಿ, ನೆಲಕ್ಕೆ ಹಾಕಬೇಡಿ, ಎದೆಗೆ ಅವುಚಿಕೊಂಡು ಒಯ್ಯಬೇಡಿ. ಕೊಳೆಯಾದ ಭಾಗ ಒಳಗಾಗುವ ಹಾಗೆ ಮೆಲ್ಲಗೆ ಸುತ್ತಿ, ಮಂಚದ ಪಕ್ಕದಲ್ಲೇ ಚೀಲಕ್ಕೆ ಹಾಕಿ ಬಾಯಿ ಕಟ್ಟಿ. ನಾನು ಕೇಳಿದ್ದು ಇಷ್ಟೇ. ಇಷ್ಟು ಕೇಳಿದ್ದಕ್ಕೆ ನಾನು ಅವರ ಅಪ್ಪನ ಆಸ್ತಿ ಕೇಳಿದೆನೇನೋ ಅನ್ನುವ ಹಾಗೆ ಮುಖ ಮಾಡಿದವರನ್ನು ನೋಡಿದ್ದೇನೆ.

ನಾನು ಚಾಮರಾಜನಗರದ ಒಂದು ಖಾಸಗಿ ಆಸ್ಪತ್ರೆಯಲ್ಲಿ ನರ್ಸ್. ಹೆಸರು ಹೇಳುವುದಿಲ್ಲ, ಹೇಳುವಷ್ಟು ದೊಡ್ಡದೂ ಅಲ್ಲ, ಹೇಳಿ ಮರ್ಯಾದೆ ಕಳೆಯುವಷ್ಟು ಕೆಟ್ಟದ್ದೂ ಅಲ್ಲ. ಬಹಳ ವರ್ಷ ವಾರ್ಡಿನಲ್ಲಿ ದುಡಿದ ಮೇಲೆ ಸೋಂಕು ತಡೆಯುವ ಕೆಲಸವನ್ನು ನನ್ನ ಕೊರಳಿಗೆ ಕಟ್ಟಿದರು. ಒಬ್ಬ ರೋಗಿಯ ಸೋಂಕು ಇನ್ನೊಬ್ಬರಿಗೆ ಹತ್ತದ ಹಾಗೆ ನೋಡಿಕೊಳ್ಳುವುದು ಈ ಕೆಲಸ. ಡಾಕ್ಟರಿಗೆ ಕೈ ತೊಳೆಯಿರಿ ಅನ್ನಬೇಕು, ಆಯಾಗಳಿಗೆ ಗ್ಲೌಸ್ ಬದಲಿಸಿ ಅನ್ನಬೇಕು, ನೋಡಲು ಬಂದ ನೆಂಟರಿಗೆ ಮಂಚದ ಮೇಲೆ ಕೂರಬೇಡಿ ಅನ್ನಬೇಕು. ದಿನ ಬೆಳಗಾದರೆ ಎಲ್ಲರ ಬಾಯಲ್ಲೂ ಕೆಟ್ಟವಳಾಗುವ ಹುದ್ದೆ. ನನ್ನ ನಾಲಿಗೆಗೆ ಹೇಳಿ ಮಾಡಿಸಿದ ಹುದ್ದೆ ಅಂತ ನನ್ನ ಅತ್ತೆಯ ಅಭಿಪ್ರಾಯ.

ಆದರೆ ಕೊಡವುವವರನ್ನು ಕಂಡು ನಗುವವಳು ನಾನಲ್ಲ. ನಾನು ಹುಟ್ಟಿ ಬೆಳೆದದ್ದು ಪುಣಜನೂರಿನಲ್ಲಿ. ನಮ್ಮ ಹಿತ್ತಲ ಬೇಲಿಯ ಆಚೆಗೆ ಕಾಡು. ಕೊಡವದೆ ಚಾಪೆ ಹಾಸಿದರೆ ಅವ್ವನ ಕೈಯಿಂದ ಬೆನ್ನಿಗೆ ಬೀಳುತ್ತಿತ್ತು. ಒಂದು ಸಂಜೆ ಅಪ್ಪ ಆನೆ ಕಾಯಲು ಹೊಲಕ್ಕೆ ಹೊರಟವನು ಮೂಲೆಯಲ್ಲಿದ್ದ ಕಂಬಳಿ ತೆಗೆದು ಕೊಡವಿದ. ಕರೀ ಚೇಳೊಂದು ನನ್ನ ಕಾಲ ಬಳಿ ಬಿತ್ತು, ಕೊಂಡಿ ಎತ್ತಿಕೊಂಡೇ ಬಿತ್ತು. ಅಪ್ಪ ಅದನ್ನು ಚಪ್ಪಲಿಯ ಹಿಮ್ಮಡಿಯಲ್ಲಿ ಹೊಸಕಿ, ಏನೂ ಆಗದವನ ಹಾಗೆ ಕಂಬಳಿ ಹೆಗಲಿಗೆ ಹಾಕಿಕೊಂಡು ನಡೆದ. ಅವತ್ತಿನಿಂದ ನಾನು ಹೊದಿಕೆ ಕೊಡವದೆ ಮಲಗಿದ್ದಿಲ್ಲ. ಇವತ್ತಿಗೂ ಮನೆಯಲ್ಲಿ ಕೊಡವುತ್ತೇನೆ. ನಮ್ಮ ಸೀಮೆಯ ಜನಕ್ಕೆ ಇದು ಉಸಿರಾಡಿದಷ್ಟೇ ಸಹಜ, ಬಟ್ಟೆ ಕೈಗೆ ಬಂದರೆ ಕೈ ತಾನಾಗಿಯೇ ಮೇಲೇಳುತ್ತದೆ.

ಆ ಕೈಯನ್ನೇ ನಾನು ಆಸ್ಪತ್ರೆಯಲ್ಲಿ ಹಿಡಿದು ನಿಲ್ಲಿಸಬೇಕಾಗಿತ್ತು.

ಒಂದು ವರ್ಷ ಗಂಡಸರ ವಾರ್ಡಿನ ಕೊನೆಯ ಮಂಚಕ್ಕೆ ಕಾಡಂಚಿನ ಹಳ್ಳಿಯ ಒಬ್ಬ ರೈತ ಬಂದಿದ್ದ. ಟಿಲ್ಲರ್ ಮಗುಚಿ ಕಾಲಿಗೆ ಗಾಯವಾಗಿತ್ತು. ನಮ್ಮಲ್ಲಿಗೆ ಬರುವ ಮುಂಚೆ ಅಲ್ಲಿ ಇಲ್ಲಿ ತೋರಿಸಿದ್ದಾನೆ, ಅಂಗಡಿಯಲ್ಲಿ ಕೇಳಿ ಮಾತ್ರೆ ನುಂಗಿದ್ದಾನೆ, ನೋವು ಕಡಿಮೆಯಾದಾಗ ಬಿಟ್ಟಿದ್ದಾನೆ, ಹೆಚ್ಚಾದಾಗ ಬೇರೆ ಮಾತ್ರೆ ಶುರುಮಾಡಿದ್ದಾನೆ. ಗಾಯ ಮಾತ್ರ ದಿನದಿನಕ್ಕೆ ಹಸಿಯಾಗುತ್ತಾ ಹೋಯಿತು. ಕೀವನ್ನು ಪರೀಕ್ಷೆಗೆ ಕಳಿಸಿದೆವು. ನಾವು ದಿನಾ ಕೊಡುವ ಯಾವ ಔಷಧಿಗೂ ಆ ರೋಗಾಣು ಬಗ್ಗುವುದಿಲ್ಲ ಅಂತ ತಿಳಿಯಿತು. ಬಗ್ಗಬಹುದಾದ ಒಂದೇ ಒಂದು ಔಷಧಿ ಉಳಿದಿತ್ತು. ಅದು ಕಿಡ್ನಿಗೂ ಪೆಟ್ಟು ಕೊಡುವಂಥದ್ದು, ಡ್ರಿಪ್ಪಿನಲ್ಲಿ ಹೆದರಿ ಹೆದರಿ ಕೊಡಬೇಕು. ಅದಕ್ಕೂ ಬಗ್ಗದ ದಿನ ಬಂದರೆ ಡಾಕ್ಟರೂ ಒಂದೇ, ದಾರಿಹೋಕನೂ ಒಂದೇ.

ಅವನ ಹೆಂಡತಿ ಹಗಲಿರುಳು ಅವನ ಪಕ್ಕದಲ್ಲೇ ಇರುತ್ತಿದ್ದಳು. ಒಳ್ಳೆಯ ಹೆಂಗಸು, ಗಟ್ಟಿ ಹೆಂಗಸು. ಬೆಳಗ್ಗೆ ಎದ್ದ ಕೂಡಲೇ ಗಂಡನನ್ನು ಮಗ್ಗುಲಿಗೆ ಹೊರಳಿಸಿ, ಕೀವು ಹತ್ತಿದ ದುಪ್ಪಟಿಯನ್ನು ಎಳೆದು, ಎರಡು ಮಂಚಗಳ ನಡುವೆ ನಿಂತು ಎರಡೂ ಕೈಯಲ್ಲಿ ಕೊಡವುತ್ತಿದ್ದಳು. ಅವಳಿಗೆ ಅದು ಗಂಡನ ಸೇವೆ. ನಾನು ಬೇಡ ಅಂದೆ. ರೋಗಾಣು ಅಂದೆ, ಸೋಂಕು ಅಂದೆ. ತಲೆಯಾಡಿಸಿದಳು, ಮಾರನೆಯ ದಿನ ಮತ್ತೆ ಕೊಡವಿದಳು. ಆಯಾಗಳು ಬೈದರು, ಅದಕ್ಕೂ ತಲೆಯಾಡಿಸಿದಳು. ಕೊನೆಗೆ ನನ್ನ ಹೊಟ್ಟೆಯೊಳಗಿದ್ದ ಪುಣಜನೂರು ಬಾಯಿಗೆ ಬಂತು.

‘ಏನವ್ವ, ಚೇಳು ಅದೆ ಅಂತ ಗೊತ್ತಿರೋ ಕಂಬ್ಳೀನ ಪಕ್ಕದಲ್ಲಿ ಮನ್ಗಿರೋರ ಮೇಲೆ ಕೊಡವ್ತೀಯಾ?’ ಅಂದೆ.

‘ಅಯ್ಯೋ, ಯಾರಾರ ಅಂಗ್ ಮಾಡ್ತಾರಾ’ ಅಂದಳು.

‘ಇದ್ರಲ್ಲೂ ಅದೆ ಕಣವ್ವ. ಕಣ್ಗೆ ಕಾಣಾಕಿಲ್ಲ ಅಷ್ಟೇಯ. ನಿನ್ ಗಂಡನ ಕಾಲು ಕಚ್ಕಂಡಿರದು ಅದೇಯ. ಒಳಗೇ ಸುತ್ತು, ಬಾಯಿ ಕಟ್ಟು, ಈಚೆಗೆ ಬುಡಬ್ಯಾಡ.’

ಅವಳು ಕೈಯಲ್ಲಿದ್ದ ದುಪ್ಪಟಿಯನ್ನು ನೋಡಿದಳು, ಪಕ್ಕದ ಮಂಚದಲ್ಲಿ ನಿದ್ದೆ ಹೋಗಿದ್ದ ಮುದುಕನನ್ನು ನೋಡಿದಳು. ಆಮೇಲೆ ಬಟ್ಟೆಯನ್ನು ಹಾವು ಹಿಡಿದವರ ಎಚ್ಚರದಲ್ಲಿ ಸುತ್ತಿ ಚೀಲಕ್ಕೆ ಇಳಿಸಿದಳು. ಅವತ್ತಿನಿಂದ ಆ ವಾರ್ಡಿನಲ್ಲಿ ನನಗಿಂತ ದೊಡ್ಡ ಕೊಡವಬೇಡಮ್ಮ ಅವಳೇ. ಯಾರಾದರೂ ಬಟ್ಟೆ ಎತ್ತಿದರೆ ಸಾಕು, ಅಲ್ಲಿಂದಲೇ ಗದರುತ್ತಿದ್ದಳು. ನನ್ನ ಚೇಳು ವಾರ್ಡಿನಿಂದ ವಾರ್ಡಿಗೆ ಹೋಯಿತು. ಆಯಾಗಳೂ ಅದನ್ನೇ ಹೇಳತೊಡಗಿದರು. ಒಬ್ಬ ಚಿಕ್ಕ ಡಾಕ್ಟರಿಗೆ ಇದು ಇಷ್ಟವಾಗಲಿಲ್ಲ, ವಿಜ್ಞಾನವನ್ನು ವಿಜ್ಞಾನದ ಹಾಗೇ ಹೇಳಬೇಕು ಅಂದರು. ಹೇಳಿ ನೋಡಿದ್ದಾಗಿದೆ ಸರ್, ಈಗ ಚೇಳಿನ ಸರದಿ ಅಂದೆ.

ಗೆದ್ದೆ ಅಂದುಕೊಂಡೆ. ಅಷ್ಟರಲ್ಲಿ ಹರದನಹಳ್ಳಿಯಲ್ಲಿ ನನ್ನ ಅತ್ತೆ ಅಂಗಳದ ಪಾಚಿಯ ಮೇಲೆ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು.

ಅತ್ತೆಯ ಬಗ್ಗೆ ಒಂದು ಮಾತು ಹೇಳಬೇಕು. ಹರದನಹಳ್ಳಿಯ ಹೊಲ, ಮನೆ, ಇಬ್ಬರು ಗಂಡುಮಕ್ಕಳು, ಇಬ್ಬರು ಸೊಸೆಯರು ಎಲ್ಲವನ್ನೂ ಒಂದೇ ದನಿಯಲ್ಲಿ ಆಳಿದವರು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅಂತಾರೆ. ನಮ್ಮ ಮನೆಯಲ್ಲಿ ಸೊಸೆಯ ಕಾಲ ಇನ್ನೂ ಬಂದಿಲ್ಲ. ದೊಡ್ಡ ಮಗ, ಅಂದರೆ ನನ್ನ ಭಾವ, ಮೈಸೂರಿಗೆ ಕರೆದುಕೊಂಡು ಹೋಗುತ್ತೇನೆ ಅಂತ ಕಾರು ತಂದು ನಿಲ್ಲಿಸಿದರು. ಅತ್ತೆ ಮಲಗಿದ್ದಲ್ಲಿಂದಲೇ ತೀರ್ಪು ಕೊಟ್ಟರು.

‘ಮನೆ ಸೊಸೆ ಇರೋ ಆಸ್ಪತ್ರೆ ಬುಟ್ಟು ಇನ್ನೆಲ್ಲಿಗ್ಲಾ ಓಗದು? ಅಲ್ಗೇ ಓಗನ.’

ಹಾಗೆ ಅವರು ನಮ್ಮ ಆಸ್ಪತ್ರೆಯ ಹೆಂಗಸರ ವಾರ್ಡಿಗೆ ಬಂದರು. ಸೊಂಟಕ್ಕೆ ಲೋಹದ ಕೀಲು ಹಾಕುವ ಆಪರೇಷನ್. ಮೂಳೆ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, ಈ ವಯಸ್ಸಿನಲ್ಲಿ ತಡ ಮಾಡಿದರೆ ಎದೆಗೆ ಕಫ ಕಟ್ಟುತ್ತೆ, ಬೆನ್ನು ಹುಣ್ಣಾಗುತ್ತೆ, ನಾಡಿದ್ದೇ ಮಾಡಿಬಿಡೋಣ ಅಂದರು. ಆಮೇಲೆ ನನಗೆ ಗೊತ್ತಿದ್ದದ್ದನ್ನೇ ಹೇಳಿದರು. ಲೋಹ ಹಾಕಿದ ಜಾಗಕ್ಕೆ ಆ ಕಾಲಿನವನ ಸೋಂಕಿನಂಥದ್ದು ಹೊಕ್ಕರೆ ಆ ಕೀಲನ್ನು ವಾಪಸ್ ತೆಗೆಯಬೇಕಾಗುತ್ತದೆ, ಮುದುಕಿ ಮತ್ತೆ ಏಳುವುದಿಲ್ಲ. ಬದುಕಿದರೆ ಅದೇ ಹೆಚ್ಚು. ನನ್ನ ಅತ್ತೆ ಮಂಚ ಹಿಡಿದು ಮಲಗುವುದನ್ನು ನಾನು ಊಹಿಸಿಕೊಳ್ಳಲೂ ಆಗಲಿಲ್ಲ. ಅವರ ಜೊತೆ ಜಗಳ ಆಡಿಯೇ ನಾನು ಇಷ್ಟು ವರ್ಷ ಬೆಳೆದವಳು.

ಗಂಡಸರ ವಾರ್ಡು ಬೇರೆ, ಹೆಂಗಸರ ವಾರ್ಡು ಬೇರೆ, ನಡುವೆ ಒಂದು ದೊಡ್ಡ ಹಜಾರ ಇದೆ ಅಂತ ಸಮಾಧಾನ ಮಾಡಿಕೊಂಡೆ. ಆ ಸಮಾಧಾನ ಸಂಜೆಯವರೆಗೂ ಬಾಳಲಿಲ್ಲ. ಅತ್ತೆಗೆ ಹಾಸಲು ಒಗೆದು ಬಂದ ಹೊಸ ಕಟ್ಟಿನಿಂದ ಒಂದು ದುಪ್ಪಟಿ ತೆಗೆದೆ. ಅವರು ತಲೆಯೆತ್ತಿ, ‘ಕೊಡವಿ ಹಾಸು ಕಣಮ್ಮಿ, ಇಲ್ದಿದ್ರೆ ನಾನ್ ಮನಿಕಳಾಕಿಲ್ಲ’ ಅಂದರು. ಇದು ಒಗೆದ ಬಟ್ಟೆ ಅತ್ತೆ, ಏನೂ ಇಲ್ಲ ಅಂದೆ. ಕೇಳಲಿಲ್ಲ. ನೋವಿನಲ್ಲಿರುವವರ ಜೊತೆ ಏನು ವಾದ ಅಂತ ವಾರ್ಡಿನ ಹೊರಗೆ ಹೋಗಿ ಒಂದು ಸಲ ಕೊಡವಿದೆ.

ಈರುಳ್ಳಿ ಸಿಪ್ಪೆ ಬಿತ್ತು. ಒಂದಲ್ಲ, ಒಂದು ಹಿಡಿ. ನೆಲದ ಮೇಲೆ ಕೆಂಪಗೆ ಹರಡಿಕೊಂಡಿತು. ಬಟ್ಟೆಯನ್ನು ಕೆನ್ನೆಗೆ ಒತ್ತಿ ನೋಡಿದೆ, ಮಡಿಕೆಯ ಒಳಗೆ ಇನ್ನೂ ತೇವ ಇತ್ತು. ಅಪ್ಪನ ಕಂಬಳಿಯಿಂದ ಬಿದ್ದ ಚೇಳು ನೆನಪಾಯಿತು. ತೆರೆದ ಬಾಗಿಲಿನಿಂದ ಎಲ್ಲ ಕಂಡಿದ್ದ ಅತ್ತೆಯ ದನಿ ಮಂಚದಿಂದಲೇ ಬಂತು, ಕೊಡವಿದ್ದಕ್ಕೆ ತಾನೇ ಗೊತ್ತಾಗಿದ್ದು ಅಂತ. ಅವರಿಗೆ ನೋವಿನಲ್ಲೂ ಗೆದ್ದ ಖುಷಿ.

ಮಾರನೆಯ ದಿನ ಬೆಳಗ್ಗೆ ರಜೆ ಹಾಕಿ ತೆರಕಣಾಂಬಿ ಮೇಲೆ ಹೋಗುವ ಬಸ್ಸು ಹತ್ತಿ ಗುಂಡ್ಲುಪೇಟೆಗೆ ಹೋದೆ. ನಮ್ಮ ಆಸ್ಪತ್ರೆಯ ಬಟ್ಟೆ ಒಗೆಯುವ ಕಾಂಟ್ರಾಕ್ಟು ಅಲ್ಲಿಯ ಒಬ್ಬನಿಗೆ ಕೊಟ್ಟಿತ್ತು. ಊರಾಚೆ, ಕೇರಳದ ಲಾರಿಗಳು ಸಾಲಾಗಿ ನಿಲ್ಲುವ ಕಡೆ ಅವನ ಶೆಡ್ಡು. ನಾನು ಹೋದಾಗ ಅವನು ಫೋನಿನಲ್ಲಿ ಯಾರ ಜೊತೆಗೋ ಮಲಯಾಳದಲ್ಲಿ ಈರುಳ್ಳಿಯ ಮಾತಾಡುತ್ತಿದ್ದ. ಹೊರಗೆ ಅವನ ಟೆಂಪೊ ನಿಂತಿತ್ತು. ಆಗ ತಾನೇ ಈರುಳ್ಳಿ ಇಳಿಸಿದ ಗಾಡಿ, ಹಲಗೆಯ ಮೇಲೆ ಮಣ್ಣು, ಸಿಪ್ಪೆ, ಕೊಳೆತ ಟೊಮೇಟೊ ರಸ. ಅದರ ಮೇಲೆ ಒಬ್ಬಾಕೆ ಒಗೆದ ದುಪ್ಪಟಿಗಳ ಕಟ್ಟುಗಳನ್ನು ಜೋಡಿಸುತ್ತಿದ್ದಳು.

ವಿಷಯ ತಿಳಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ, ಅವನಾಗಿಯೇ ಹೇಳಿದ. ಬೆಳಗ್ಗೆ ಗಾಡಿ ಹಳ್ಳಿಗಳಿಂದ ತರಕಾರಿ ತರುತ್ತದೆ. ಇಳಿಸಿದ ಮೇಲೆ ಒಗೆದ ಬಟ್ಟೆ ಹೇರಿಕೊಂಡು ಚಾಮರಾಜನಗರಕ್ಕೆ ಬರುತ್ತದೆ. ಅಲ್ಲಿಂದ ನಮ್ಮ ಕೊಳೆ ಬಟ್ಟೆ ಹೇರಿಕೊಂಡು ವಾಪಸ್. ಮರುದಿನ ಅದೇ ಹಲಗೆಯ ಮೇಲೆ ಮತ್ತೆ ಟೊಮೇಟೊ. ಗಂಡಸರ ವಾರ್ಡಿನದು, ಹೆಂಗಸರ ವಾರ್ಡಿನದು, ಆ ಕಾಲಿನವನದು, ಬಾಣಂತಿಯದು ಎಲ್ಲ ಒಂದೇ ತೊಟ್ಟಿಗೆ. ನಾನು ನಡುವಿನ ದೊಡ್ಡ ಹಜಾರವನ್ನು ನಂಬಿ ಕೂತಿದ್ದೆ. ಮೆಷಿನ್ನು ಇತ್ತು, ನೀರು ಕಾಯಿಸುವ ಕಾಯಿಲ್ ಸುಟ್ಟು ಹೋಗಿ ಬಹಳ ಕಾಲವಾಗಿತ್ತು. ತಣ್ಣೀರು, ಬ್ಲೀಚಿಂಗ್ ಪೌಡರು, ಮೇಲೆ ಒಂದಿಷ್ಟು ನೀಲಿ. ಮೋಡವಿದ್ದ ದಿನ ಅರ್ಧ ಒಣಗಿದ್ದನ್ನೇ ಇಸ್ತ್ರಿ ಎಳೆದು ಮಡಿಚಿಬಿಡುವುದು.

‘ಬೆಳ್ಳಗದೆ ನೋಡಿ ಸಿಸ್ಟ್ರೇ, ಮಲ್ಲಿಗೆ ಅಂಗೆ’ ಅಂತ ಒಂದು ದುಪ್ಪಟಿ ಬಿಡಿಸಿ ತೋರಿಸಿದ.

ಬೆಳ್ಳಗಿರುವುದೆಲ್ಲ ಹಾಲಲ್ಲ ಕಣಣ್ಣ ಅಂದೆ. ಆ ಹೊತ್ತಿಗೆ ನನ್ನ ದನಿ ಲಾರಿ ಡ್ರೈವರುಗಳು ತಿರುಗಿ ನೋಡುವಷ್ಟು ಏರಿತ್ತು. ಅವನು ದನಿ ಏರಿಸಲಿಲ್ಲ. ಖಾಲಿ ಗಾಡಿ ಓಡಿಸಿದರೆ ಡೀಸೆಲ್ ಯಾರು ಕೊಡುತ್ತಾರೆ ಅಂತ ಕೇಳಿದ. ಆಮೇಲೆ ಇನ್ನೊಂದು ಮಾತು ಕೇಳಿದ.

‘ಬೆಳ್ಳಗಿರ್ಬೇಕು, ಮಡ್ಚಿರ್ಬೇಕು ಅಂತ ನಿಮ್ಮ ಆಫೀಸ್ನೋರು ಕೇಳವ್ರೆ. ಬಿಸ್ನೀರು ಅಂತ ಒಬ್ರಾರ ಒಂದಿನಾರ ಕೇಳಿದ್ರಾ?’

ಕೇಳಿರಲಿಲ್ಲ. ಯಾರೂ ಕೇಳಿರಲಿಲ್ಲ. ಮಾತ್ರೆ ಕಂಪನಿಯವರು ಬಂದರೆ ಏಸಿ ರೂಮಿನಲ್ಲಿ ಕೂರಿಸಿ ಮಾತಾಡುವ ಆಸ್ಪತ್ರೆಗೆ, ರೋಗಿಯ ಮೈಗೆ ಇಡೀ ದಿನ ಅಂಟಿಕೊಂಡಿರುವ ಬಟ್ಟೆ ಎಲ್ಲಿ ಒಗೆಯುತ್ತಾರೆ ಅಂತ ನೋಡಲು ಬಸ್ ಹತ್ತಬೇಕು ಅನ್ನಿಸಿರಲಿಲ್ಲ. ವಾಪಸ್ ಬರುವಾಗ ಬಸ್ಸಿನಲ್ಲಿ ನನಗೆ ಅವನ ಮೇಲಿದ್ದ ಸಿಟ್ಟಿನಲ್ಲಿ ಮುಕ್ಕಾಲು ಪಾಲು ನಮ್ಮವರ ಮೇಲೆ ತಿರುಗಿತ್ತು.

ನನ್ನ ಮುಂದೆ ಸುಲಭದ ದಾರಿ ಒಂದಿತ್ತು. ಮನೆಯಿಂದ ಎರಡು ದುಪ್ಪಟಿ ತಂದು, ನಾನೇ ಕುದಿಸಿ ಒಗೆದು, ಅತ್ತೆಗೆ ಹಾಸಿ ಸುಮ್ಮನಾಗುವುದು. ಇಲ್ಲವೇ ಭಾವನ ಕಾರಿನಲ್ಲಿ ಮೈಸೂರಿಗೆ ಕಳಿಸುವುದು. ಯಾರೂ ಏನೂ ಅನ್ನುತ್ತಿರಲಿಲ್ಲ. ಆದರೆ ಪಕ್ಕದ ಮಂಚದಲ್ಲಿ ಪಿತ್ತಕೋಶದ ಕಲ್ಲಿಗೆ ಕಾದು ಮಲಗಿದ್ದ ಹೆಂಗಸಿಗೆ ಮನೆಯಿಂದ ದುಪ್ಪಟಿ ತರಲು ಸೊಸೆ ನರ್ಸ್ ಆಗಿರಲಿಲ್ಲ, ಮೈಸೂರಿಗೆ ಹೋಗಲು ಕಾರಿರಲಿಲ್ಲ. ನನ್ನ ಅತ್ತೆಗೆ ಆಗದ ಬಟ್ಟೆ ಇನ್ನೊಬ್ಬರ ಅತ್ತೆಗೆ ಹೇಗೆ ಆಗುತ್ತದೆ? ಹಾಗೆ ಮಾಡಿದ ಮೇಲೆ ನಾನು ಯಾವ ಬಾಯಿಂದ ಕೊಡವಬೇಡಿ ಅನ್ನಲಿ?

ಮಧ್ಯಾಹ್ನ ಟೆಂಪೊ ಬಂದಾಗ ನಾನು ಆಸ್ಪತ್ರೆಯ ಹಿಂದಿನ ಗೇಟಿನಲ್ಲಿ ನಿಂತೆ. ಒಂದು ಕಟ್ಟೂ ಒಳಗೆ ಹೋಗಬಾರದು ಅಂದೆ. ಆಯಾಗಳು ಮುಖ ಮುಖ ನೋಡಿಕೊಂಡರು. ಡ್ರೈವರ್ ಹಾರ್ನ್ ಹೊಡೆದ. ಆಡಳಿತಾಧಿಕಾರಿ ಊಟ ಬಿಟ್ಟು ಎಂಜಲು ಕೈಯಲ್ಲೇ ಬಂದರು. ಒಳಗೆ ಬದಲಿಸಲು ದುಪ್ಪಟಿ ಇಲ್ಲ, ನಾಳೆ ಆಪರೇಷನ್‌ಗಳಿವೆ, ಆಟ ಆಡುತ್ತಿದ್ದೀರಾ ಅಂತ ಕೂಗಿದರು. ನಾನು ಗುಂಡ್ಲುಪೇಟೆಯಲ್ಲಿ ಕಂಡದ್ದನ್ನು ಹೇಳಿದೆ. ಆಪರೇಷನ್ ಕೋಣೆಯ ಬಟ್ಟೆಗಳನ್ನು ನಾವೇ ಹಬೆಯಲ್ಲಿ ಬೇಯಿಸಿಕೊಳ್ಳುತ್ತೇವಲ್ಲ, ವಾರ್ಡಿನದಕ್ಕೆ ಯಾಕೆ ಇಷ್ಟು ರಗಳೆ ಅಂದರು. ರೋಗಿ ಆಪರೇಷನ್ ಕೋಣೆಯಲ್ಲಿ ಇರುವುದು ಸ್ವಲ್ಪ ಹೊತ್ತು, ಹಸಿ ಗಾಯ ಹೊತ್ತು ಮಲಗುವುದು ವಾರ್ಡಿನಲ್ಲಿ ಅಂದೆ.

‘ಆ ಕಾಲಿನ ಪೇಷೆಂಟಿನ ಸೋಂಕು ಬಟ್ಟೆಯಿಂದಲೇ ಹರಡುತ್ತೆ ಅಂತ ನೀವು ಪ್ರೂವ್ ಮಾಡ್ತೀರಾ?’

ಬಟ್ಟೆಯಿಂದ ಮಾತ್ರ ಹರಡುತ್ತದೆ ಅಂತ ನಾನು ಯಾವತ್ತೂ ಹೇಳಿದವಳಲ್ಲ. ಕೈಯಿಂದ ಹರಡುವುದೇ ಹೆಚ್ಚು. ಆ ಜಗಳವನ್ನು ಬೇರೆ ಮಾಡಿದ್ದೇನೆ. ಆದರೆ ಒಂದು ಬಾಗಿಲು ಮುಚ್ಚಿದೆ ಅಂತ ಇನ್ನೊಂದನ್ನು ತೆರೆದಿಡುತ್ತಾರೆಯೇ?

‘ಹರಡಲ್ಲ ಅಂತ ನೀವು ಹೇಳಿ ಸರ್. ನನ್ನ ಕಣ್ಣು ನೋಡಿ ಹೇಳಿ. ಈಗಲೇ ನಮ್ಮತ್ತೆಗೆ ಇದನ್ನೇ ಹಾಸ್ತೀನಿ’ ಅಂದೆ.

ಅವರು ಹೇಳಲಿಲ್ಲ. ಹೇಳದೆ, ಹಾಗಾದರೆ ನಾಳೆ ಎಲ್ಲ ಆಪರೇಷನ್ ನಿಲ್ಲುತ್ತದೆ, ನಿಮ್ಮ ಅತ್ತೆಯದೂ ಸೇರಿ, ಹೊಣೆ ನಿಮ್ಮದು ಅಂದರು. ಮೊದಲು ಅವರದ್ದೇ ನಿಲ್ಲಿಸಿ ಅಂದೆ. ಮೂಳೆ ಡಾಕ್ಟರು ಬಂದು ಎಲ್ಲ ಕೇಳಿಸಿಕೊಂಡರು. ನನ್ನನ್ನು ಹೊಗಳಲೂ ಇಲ್ಲ, ತೆಗಳಲೂ ಇಲ್ಲ. ಒಂದು ದಿನ ತಡೆಯಬಹುದು, ಅದಕ್ಕಿಂತ ಒಂದು ಗಂಟೆಯೂ ಹೆಚ್ಚಿಲ್ಲ, ಆಮೇಲೆ ನಾನೇ ಅವರನ್ನು ಮೈಸೂರಿಗೆ ಕಳಿಸುತ್ತೇನೆ ಅಂದರು.

ಟೆಂಪೊ ಬಂದ ದಾರಿಯಲ್ಲೇ ತಿರುಗಿ ಹೋಯಿತು. ನಾನು ಅತ್ತೆಯ ಬಳಿಗೆ ಹೋಗಿ ನಾಳೆ ಆಪರೇಷನ್ ಇಲ್ಲ, ನಾನೇ ನಿಲ್ಲಿಸಿದೆ ಅಂದೆ. ಭಾವ ಅಲ್ಲೇ ಇದ್ದರು. ದುಪ್ಪಟಿ ಸರಿಯಿಲ್ಲ ಅಂತ ಅತ್ತೆಯ ಆಪರೇಷನ್ ನಿಲ್ಲಿಸುವವರನ್ನು ಎಲ್ಲೂ ಕಂಡಿಲ್ಲ, ನಿನ್ನವ್ವ ಆಗಿದ್ದರೆ ನಿಲ್ಲಿಸುತ್ತಿದ್ದೆಯಾ ಅಂತ ಇಡೀ ವಾರ್ಡಿಗೆ ಕೇಳುವ ಹಾಗೆ ಕೇಳಿದರು. ನನ್ನ ಗಂಡ ಅಣ್ಣನ ಪಕ್ಕಕ್ಕೆ ಸರಿದು ನಿಂತರು. ಅದು ಇನ್ನೂ ಕೆಟ್ಟದಾಗಿತ್ತು. ಅತ್ತೆ ಗೋಡೆಯ ಕಡೆ ಮುಖ ತಿರುಗಿಸಿಕೊಂಡರು.

‘ನಾನ್ ಸತ್ತೋದ್ಮೇಲೆ ಒಗ್ದು ಹಾಸು’ ಅಂದರು.

ಬಟ್ಟೆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತುಬಿಟ್ಟೆ. ಹೆದರಿಕೆಯ ಅಳು ಅದು. ಆ ಒಂದು ದಿನದಲ್ಲಿ ಅವರಿಗೆ ಏನಾದರೂ ಆದರೆ ಹರದನಹಳ್ಳಿಯ ಹೊಸ್ತಿಲು ನಾನು ತುಳಿಯುವಂತಿರಲಿಲ್ಲ, ನನ್ನ ಮುಖವನ್ನು ನಾನೇ ನೋಡಿಕೊಳ್ಳುವಂತಿರಲಿಲ್ಲ. ಆಮೇಲೆ ಮುಖ ತೊಳೆದುಕೊಂಡು ಹಿತ್ತಿಲಿಗೆ ನಡೆದೆ. ಅತ್ತುಕೊಂಡು ಕೂತರೆ ದುಪ್ಪಟಿ ಒಣಗುವುದಿಲ್ಲ.

ಹಿತ್ತಿಲಲ್ಲಿ ಹಿಂದೊಮ್ಮೆ ಬಾಣಂತಿಯರಿಗೆ ನೀರು ಕಾಯಿಸುತ್ತಿದ್ದ ದೊಡ್ಡ ಹಂಡೆಗಳು ಮಗುಚಿ ಬಿದ್ದಿದ್ದವು. ಗೀಸರ್ ಬಂದ ಮೇಲೆ ಅವುಗಳನ್ನು ಕೇಳುವವರಿರಲಿಲ್ಲ. ತೊಳೆಸಿ, ಕಲ್ಲು ಹೂಡಿ, ಸೌದೆ ತರಿಸಿ ಉರಿ ಹಾಕಿದೆ. ಟೆಂಪೊಗೆ ಹೇರದೆ ಉಳಿಸಿಕೊಂಡ ಕೊಳೆ ದುಪ್ಪಟಿಗಳನ್ನು ನಾವೇ ಕುದಿಸುವುದು. ನನ್ನನ್ನು ಕೊಡವಬೇಡಮ್ಮ ಅಂತ ಕರೆದ ಆಯಾಗಳೇ ಒಬ್ಬೊಬ್ಬರಾಗಿ ಬಂದರು, ಬೈದುಕೊಂಡೇ ಬಂದರು. ದಪ್ಪ ಗ್ಲೌಸ್, ಪ್ಲಾಸ್ಟಿಕ್ ಏಪ್ರನ್ ಹಾಕಿಸಿದೆ. ಆ ಕಾಲಿನವನ ಬಟ್ಟೆಗೆ ಬೇರೆ ಹಂಡೆ. ಅದನ್ನು ಬೇರೆ ಯಾರೂ ಮುಟ್ಟಲು ಮುಂದೆ ಬರಲಿಲ್ಲ. ಅವನ ಹೆಂಡತಿ ಬಂದಳು. ಬೇಡವ್ವ, ಇದು ನಿನ್ನ ಕೆಲಸವಲ್ಲ ಅಂದೆ. ಅವಳು ಕದಲಲಿಲ್ಲ. ಕೊನೆಗೆ ಸೌದೆ ಒಟ್ಟುವುದಷ್ಟೇ ಅವಳಿಗೆ, ಬಟ್ಟೆಗೆ ಕೈ ಹಾಕುವುದು ನನಗೆ ಅಂತ ರಾಜಿಯಾಯಿತು. ನಾನು ಚೀಲವನ್ನು ಹಂಡೆಯ ಬಾಯಿಗೆ ಬಗ್ಗಿಸಿ ಬಿಚ್ಚಿದೆ, ಬಟ್ಟೆಯೊಳಗಿದ್ದದ್ದು ಬಟ್ಟೆಯ ಜೊತೆಗೇ ಕುದಿಯುವ ನೀರಿಗೆ ಬಿತ್ತು. ‘ಸಾಯ್ಲಿ ಬುಡಿ’ ಅಂದಳು ಅವಳು, ಇನ್ನೊಂದು ಕೊಳ್ಳಿ ಮುಂದಕ್ಕೆ ತಳ್ಳಿದಳು.

ಹಾಗೆ ಹಂಡೆಯಲ್ಲಿ ಕುದಿಸುವುದು ಒಂದು ಆಸ್ಪತ್ರೆ ನಡೆಸುವ ದಾರಿಯಲ್ಲ, ನನಗೂ ಗೊತ್ತಿತ್ತು. ಅವತ್ತಿಗೆ ಇದ್ದದ್ದು ಅದೇ. ಮರುದಿನ ಬಿಸಿಲು ಚೆನ್ನಾಗಿ ಕಾಯಿತು. ತಾರಸಿಯ ಮೇಲೆ ಹಗ್ಗ ಕಟ್ಟಿ, ನೆಲಕ್ಕೆ ತಾಗದ ಹಾಗೆ, ಗರಿಗರಿಯಾಗುವ ತನಕ ಒಣಗಿಸಿ ಇಸ್ತ್ರಿ ಹಾಕಿಸಿದೆವು. ನೀಲಿ ಇಲ್ಲದ ದುಪ್ಪಟಿಗಳು ಸ್ವಲ್ಪ ಹಳದಿಯಾಗಿ ಕಂಡವು. ಆಡಳಿತಾಧಿಕಾರಿ ನೋಡಿ ಮೂಗು ಮುರಿದರು. ನಾನು ಒಂದೊಂದನ್ನೂ ಕೆನ್ನೆಗೆ ಒತ್ತಿ ನೋಡಿ, ಮುಚ್ಚಿದ ಬೀರುವಿನಲ್ಲಿ ಇಡಿಸಿದೆ. ಸಂಜೆ ಅತ್ತೆಯ ಮಂಚಕ್ಕೆ ಹಾಸುವಾಗ ಅವರು ಕೊಡವು ಅನ್ನಲಿಲ್ಲ. ನನ್ನ ಜೊತೆ ಮಾತೇ ಬಿಟ್ಟಿದ್ದರು.

ಅದರ ಮಾರನೆಯ ಬೆಳಗ್ಗೆ ಆಪರೇಷನ್ ಆಯಿತು. ಹೊಲಿಗೆ ಬಿಚ್ಚುವ ದಿನದವರೆಗೂ ನಾನು ಬ್ಯಾಂಡೇಜು ಬದಲಿಸುವಾಗ ಗಾಯವನ್ನು ಬಗ್ಗಿ ನೋಡುತ್ತಿದ್ದೆ. ಗಾಯ ಒಣಗಿಯೇ ಇತ್ತು. ಪಿತ್ತಕೋಶದ ಹೆಂಗಸಿನದೂ ಒಣಗಿತು. ಕಾಲಿನವನಿಗೆ ಆ ಕೊನೆಯ ಔಷಧಿ ಹಿಡಿಯಿತು. ಮಂಡಿ ಪೂರ್ತಿ ಮಡಿಚಲು ಬರುವುದಿಲ್ಲ, ಆದರೆ ತನ್ನ ಕಾಲಿನ ಮೇಲೇ ಮನೆಗೆ ಹೋದ. ಅವನ ಸೋಂಕು ಇನ್ನೊಂದು ಮಂಚಕ್ಕೆ ಹೋಗಲಿಲ್ಲ. ಎಲ್ಲ ನನ್ನ ಹಂಡೆಯಿಂದಲೇ ಆಯಿತು ಅಂತ ನಾನು ಹೇಳುವುದಿಲ್ಲ, ಹೇಳಲು ಬರುವುದಿಲ್ಲ. ಇದರ ಕಷ್ಟವೇ ಇದು. ಬಂದ ರೋಗ ವಾಸಿಮಾಡಿದವರಿಗೆ ಹಾರ ಹಾಕುತ್ತಾರೆ, ಬಾರದ ರೋಗಕ್ಕೆ ಯಾರೂ ಹಾರ ಹಾಕುವುದಿಲ್ಲ. ನನಗೆ ಹಾರ ಬೇಡ, ಬಿಸಿನೀರು ಕೊಡಿ.

ಕೊಟ್ಟರು, ಕೊನೆಗೆ. ಗುಂಡ್ಲುಪೇಟೆಯವನ ಮೆಷಿನ್ನಿಗೆ ಹೊಸ ಕಾಯಿಲ್ ಬಂತು. ತರಕಾರಿಗೆ ಬೇರೆ ಗಾಡಿ, ಬಟ್ಟೆಗೆ ಬೇರೆ ಗಾಡಿ; ಕೊಳೆಯದನ್ನು ಇಳಿಸಿದ ಮೇಲೆ ತೊಳೆಯದೆ ಒಗೆದದ್ದನ್ನು ಹೇರುವಂತಿಲ್ಲ. ಅವನು ಇವತ್ತಿಗೂ ನನ್ನನ್ನು ಬೈಯುತ್ತಾನೆ ಅಂತ ಡ್ರೈವರ್ ಹೇಳುತ್ತಾನೆ. ಹೊರಗಿನವರು ಬಂದಾಗ ಆಡಳಿತಾಧಿಕಾರಿ ಇದೆಲ್ಲ ತಮ್ಮದೇ ಯೋಜನೆ ಅನ್ನುವ ಹಾಗೆ ವಿವರಿಸುತ್ತಾರೆ. ವಿವರಿಸಲಿ. ನಾನು ಮಾತ್ರ ಪ್ರತಿ ಕಟ್ಟನ್ನೂ ಬಿಚ್ಚಿ ಮಡಿಕೆಯೊಳಗೆ ಕೈ ಹಾಕುತ್ತೇನೆ. ತೇವ ಸಿಕ್ಕರೆ ವಾಪಸ್. ಇದನ್ನು ಬಿಡು ಅಂತ ಹೇಳುವವರು ಇನ್ನೂ ಇದ್ದಾರೆ, ನಾನೂ ಇದ್ದೇನೆ.

ಅತ್ತೆ ಮನೆಗೆ ಹೋಗಿ ವಾಕರ್ ಹಿಡಿದರು, ಆಮೇಲೆ ಕೋಲು ಹಿಡಿದರು. ನನ್ನ ಜೊತೆ ಬೇಕಾದಷ್ಟೇ ಮಾತು. ಒಂದು ಭಾನುವಾರ ಮಧ್ಯಾಹ್ನ ನಾನು ಹರದನಹಳ್ಳಿಗೆ ಹೋದಾಗ ಊಟ ಮುಗಿಸಿ ಮಲಗಲು ಎದ್ದರು. ನಡುಮನೆಯ ಮಂಚದ ಬಳಿಗೆ ಹೋಗಿ, ಕೋಲನ್ನು ಗೋಡೆಗೆ ಒರಗಿಸಿದರು. ಹಿಡಿಯಲು ಓಡಿದೆ. ಕಣ್ಣಲ್ಲೇ ನಿಲ್ಲಿಸಿದರು. ಹಾಸಿಗೆಯ ಮೇಲಿದ್ದ ಕಂಬಳಿಯನ್ನು ಎರಡೂ ಕೈಯಲ್ಲಿ ಎತ್ತಿ, ಎರಡೂ ಕಾಲನ್ನು ನೆಲಕ್ಕೆ ಊರಿ, ನನ್ನ ಮುಖವನ್ನೇ ನೋಡುತ್ತಾ ಕೊಡವಿದರು. ಮನೆಯೆಲ್ಲ 'ಪಟ್' ಅಂದಿತು. ಕಿಟಕಿಯ ಬಿಸಿಲಲ್ಲಿ ಧೂಳು ಎದ್ದಿತು.

‘ಇದು ನಿನ್ನಾಸ್ಪತ್ರೆ ಅಲ್ಲ ಕಣಮ್ಮಿ, ನನ್ನ ಮನೆ’ ಅಂದರು.

ನನ್ನ ಕಣ್ಣು ಅವರ ಕಾಲಿನ ಮೇಲಿತ್ತು. ಸೊಂಟ ಅಲುಗಲಿಲ್ಲ, ಮಂಡಿ ನಡುಗಲಿಲ್ಲ. ಕಂಬಳಿ ಕೊಡವಲು ಮನುಷ್ಯ ಯಾವ ಆಸರೆಯೂ ಇಲ್ಲದೆ ನಿಲ್ಲಬೇಕು ಅನ್ನುವುದು ಅವತ್ತಿನವರೆಗೆ ನನಗೆ ಹೊಳೆದಿರಲಿಲ್ಲ. ಅವರು ಮತ್ತೆ ಕಂಬಳಿ ಎತ್ತಿದರು. ನಾನು ಹೋಗಿ ಅದರ ಇನ್ನೊಂದು ತುದಿ ಹಿಡಿದುಕೊಂಡೆ, ಇಬ್ಬರೂ ಸೇರಿ ಕೊಡವಿದೆವು.